ಅಸ್ತರ

ಈ ದೇಶದಲ್ಲಿ ಹಳಿ ಇಲ್ಲ.
ಆದರೂ ಫಹಾಹೀಲಿನ ನಮ್ಮ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ
ಹದಿನೇಳು ಇಂಜಿನುಗಳು ನಿಂತಿವೆ,
ಗಂಜಿಪುಡಿಯ ಖಾಲಿ ಡಬ್ಬಿಗಳ ಮೇಲೆ,
ಮೂತಿ ಎಲ್ಲ ಒಂದೇ ಕಡೆಗೆ.

ಮೊದಲನೆಯದು ಸಿಕ್ಕಿದ್ದು ಶುಕ್ರವಾರದ ಸಂತೆಯಲ್ಲಿ.
ದೇಶ ಬಿಡುವವರು ಬಿಟ್ಟದ್ದೆಲ್ಲ ಅಲ್ಲಿ ರಾಶಿ:
ಮಿಕ್ಸಿಯ ಜಾರು, ತೊಟ್ಟಿಲು, ಯಾರದೋ ಮದುವೆಯ ಆಲ್ಬಮ್ಮು,
ಅದರಡಿಯಲ್ಲಿ ಬಫರು ಮುರಿದ ಹಸಿರು ಇಂಜಿನು.
ಮಿಸ್ರಿಯವ ಮೂರು ದಿನಾರು ಅಂದ.
ಒಂದೂವರೆಗೆ ಕೇಳಿ ಎರಡಕ್ಕೆ ತಂದೆ.
ಶೀನ ಮೂಲ್ಯ ಅದನ್ನು ತಿರುಗಿಸಿ ತಿರುಗಿಸಿ ನೋಡಿ
"ಇದಿನಬ್ಬಾ, ಇದಕ್ಕೆ ಒಂದು ವಾರದ ಬಂಗುಡೆ ಬರ್ತಿತ್ತು ಮಾರಾಯ" ಅಂದ.

ನನಗೆ ಬೇಕಾದ್ದು ಇಂಜಿನಲ್ಲ, ಅದರ ಅಂಗಿ.
ಹಸಿರಿನ ಅಂಚಿಗೆ ಕೂದಲೆಳೆಯಂಥ ಎರಡು ಕಿತ್ತಳೆ ಗೆರೆ,
ನಡುವೆ ಅದಕ್ಕಿಂತಲೂ ತೆಳ್ಳಗೆ ಕಪ್ಪು.
ಎಳೆದ ಕೈ ಎಲ್ಲೂ ನಡುಗಿಲ್ಲ.

ಬಣ್ಣ ನನಗೆ ಗೊತ್ತು. ಹತ್ತೊಂಬತ್ತು ವರ್ಷದಿಂದ
ಕಂಪೆನಿಗಳ ಕವರಾಲು ತೊಳೆಯುತ್ತಿದ್ದೇನೆ.
ರಿಫೈನರಿಯ ನೀಲಿ, ಕ್ರೇನಿನವರ ಕಿತ್ತಳೆ,
ರಸ್ತೆ ಗುಡಿಸುವವರ ಹಳದಿ, ಅದು ಮೂರೇ ಒಗೆತಕ್ಕೆ ಅಳುತ್ತದೆ.
ಗುತ್ತಿಗೆ ಮುಗಿದ ಕಂಪೆನಿಯ ಅಂಗಿ
ಹೊಸ ಕಂಪೆನಿಯ ಬಿಲ್ಲೆ ಹೊಲಿಸಿಕೊಂಡು ಮತ್ತೆ ಬರುತ್ತದೆ.
ಇಸ್ತ್ರಿಯ ಕೆಳಗೆ ಆವಿ ಏಳುವಾಗ
ಬಿಚ್ಚಿದ ಹೊಲಿಗೆಯ ತೂತುಗಳಲ್ಲಿ
ಹಳೆಯ ಹೆಸರನ್ನು ಓದಬಹುದು.

ಹತ್ತಿಕಡ್ಡಿಗೆ ಥಿನ್ನರು ತಾಗಿಸಿ
ಒಮ್ಮೆ ಕೆಂಪು ಇಂಜಿನಿನ ಮೂಲೆ ಉಜ್ಜಿದೆ:
ಕೆಂಪಿನಡಿ ನೀಲಿ, ನೀಲಿಯಡಿ ಯಾವುದೋ ಕೆನೆ.
ಎಷ್ಟು ಸಾಹೇಬರು ಬದಲಾದರೋ!
ಪುಸ್ತಕ ಓದಿದವರು ಬಣ್ಣ ನೋಡಿ ಇಸವಿ ಹೇಳುತ್ತಾರಂತೆ.
ನಾನು ಕೊರಳಪಟ್ಟಿ ನೋಡಿ
ಆ ಮನುಷ್ಯ ಬಿಸಿಲಲ್ಲಿದ್ದನೋ ನೆರಳಲ್ಲೋ ಹೇಳಬಲ್ಲೆ, ಅಷ್ಟೆ.

ಹದಿನೇಳರಲ್ಲಿ ಒಂದಕ್ಕೆ ಬಣ್ಣವಿಲ್ಲ.
ಅದು ಕಬಕ ಪುತ್ತೂರಿಗೆ ಬರುತ್ತಿದ್ದ ಮೀಟರ್ ಗೇಜಿನದು,
ಯಾವ ಸಂತೆಯಲ್ಲೂ ನನಗೆ ಸಿಗಲಿಲ್ಲ.
ಕಾಲರಿಗೆ ಇಡುವ ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ ಮೈ ಮಾಡಿದೆ,
ಕೆಟ್ಟ ಇಂಜಿನೊಂದರ ಗಾಲಿ ಕೂರಿಸಿದೆ,
ಕೀಚೈನಿನ ಟಾರ್ಚು ಒಡೆದು ಹಣೆಗೊಂದು ಬಲ್ಬು.
ಅಸ್ತರದ ಬೂದಿ ಹೊಡೆದು ಎರಡು ರಮ್ಜಾನ್ ಕಳೆಯಿತು.
ಮುಂದಕ್ಕೆ ಕೈ ಬರುವುದಿಲ್ಲ.

ಇಟ್ಟಿಗೆಗೆಂಪು ಎಂದು ನನ್ನ ನೆನಪು.
ಫೋನಿನಲ್ಲಿ ಅಕ್ಕ ಐಸಮ್ಮ, "ಹಸಿರಲ್ಲವಾ?"
ಹಿಂದಿನಿಂದ ಭಾವ, "ಹೊಟ್ಟೆಗೆ ಹಳದಿ ಪಟ್ಟಿ ಇತ್ತು."
ಉಮ್ಮ ಫೋನು ಕಸಿದುಕೊಂಡರು:
"ಎಂತ ಬಣ್ಣ? ನಿನ್ನ ಬಾಪ ಇಳಿಯುವಾಗ ಕತ್ತಲೆ ಆಗಿರ್ತಿತ್ತು.
ದೀಪ ಒಂದು ಕಾಣ್ತಿತ್ತು.
ಮತ್ತೆ ಅವರ ಬಿಳಿ ಬನಿಯನು.
ನೀನು ಊಟ ಮಾಡಿದೆಯಾ?"

ಜುಮ್ಮಾ ಮುಗಿದ ಮೇಲೆ ಅಂಗಡಿಗೆ ಅರ್ಧ ಬಾಗಿಲು.
ಇಸ್ತ್ರಿ ಮೇಜಿನ ಮೇಲೆ ನಾಲ್ಕು ಮೊಳ ಹಳಿ ಜೋಡಿಸುತ್ತೇನೆ.
ಹಸಿರು ಇಂಜಿನು ಹೋಗುತ್ತದೆ,
ಅಂಚಿನಲ್ಲಿ ತಡೆದು, ಹಿಮ್ಮುಖ ಬರುತ್ತದೆ.
ಬಂಗುಡೆಯ ದುಃಖ ಮರೆತ ಶೀನ
ಬಾಯಲ್ಲೇ ಸೀಟಿ ಹಾಕುತ್ತಾನೆ, ಸುರಂಗ ಬಂತು ಅನ್ನುತ್ತಾನೆ,
ಗೇಟು ಹಾಕಿದ್ದಾರೆ ಅನ್ನುತ್ತಾನೆ.

ನಿನ್ನೆ ಅವನೇ ಕೇಳಿದ,
"ಆ ಬೂದಿಯದನ್ನು ಯಾಕೆ ಓಡಿಸುವುದಿಲ್ಲ?"
ಅಂಗಿ ಇಲ್ಲದೆ ಹೊರಗೆ ಹೇಗೆ ಬಿಡುವುದು, ಅಂದೆ.
ಅವನು ನಕ್ಕು, ತನ್ನ ನೀಲಿ ಅಂಗಿ ಕಳಚಿ
ಒಗೆಯುವ ರಾಶಿಗೆ ಎಸೆದು,
ಬರಿಮೈಯಲ್ಲಿ ಚಾ ಕುಡಿಯುತ್ತ ಕೂತ.
ಹೊರಗೆ ನಲವತ್ತಾರು ಡಿಗ್ರಿ.
ಮೇಜು ಇನ್ನೂ ಬೆಚ್ಚಗಿತ್ತು.
ಬೂದಿ ಇಂಜಿನನ್ನು ತಂದು ಹಳಿಗೆ ಇಟ್ಟೆ.

ಶೀನಾ, ಲೈಟು ಆರಿಸು, ಅಂದೆ.