ಡಿಮ್ ಡಿಪ್

ಜಿಲ್ಲೆ ಒಡೆಯುವ ಮುಂಚಿನ ಸ್ಯಾಂಟ್ರೊ,
ನಂಬರು ಇನ್ನೂ ಕೋಲಾರದ್ದೇ.
ಹಿಂದಿನ ಸೀಟು ಕಿತ್ತು ಹದಿನಾಲ್ಕು ವರ್ಷ ಗೂಡಿನ ಚೀಲ ಹೊತ್ತಿದೆ,
ಬಾಗಿಲು ತೆಗೆದರೆ ಈಗಲೂ ಹುಳದ ವಾಸನೆ.
ಮುಂದಿನ ದೀಪದ ಗಾಜೆರಡೂ (ಗಾಜೆಲ್ಲಿ, ಪ್ಲಾಸ್ಟಿಕ್ಕು)
ಹಳದಿ ತಿರುಗಿ
ಸಿ.ಬಿ. ಗೂಡಿನ ಬಣ್ಣಕ್ಕೆ ಬಂದಿದ್ದವು.

ಹೋದ ಅಮಾವಾಸ್ಯೆ, ವಿಜಯಪುರದಿಂದ ಶಿಡ್ಲಘಟ್ಟಕ್ಕೆ ಬರುವಾಗ
ಸೊಪ್ಪಿನ ಹೊರೆ ಹೊತ್ತ ಟಿವಿಎಸ್ಸೊಂದು
ಬೆಳಕಿಗೆ ಬರಲೇ ಇಲ್ಲ, ನೇರ ಬಂಪರಿಗೇ ಬಂತು.
ನಾಲ್ಕು ಬೆರಳು ಅಂತರ. ಬಾನೆಟ್ಟಿನ ತುಂಬ ಹಿಪ್ಪುನೇರಳೆ ಎಲೆ.
"ಕಳ್ಳು ಲೇವಾ ನೀಕಿ?" ಎಂದನಾತ.
ನಮ್ಮ ಕಡೆ ಕಳ್ಳು ಅಂದರೆ ಕಣ್ಣೂ ಹೌದು, ಈಚಲ ಮರದ್ದೂ ಹೌದು.
ಆ ರಾತ್ರಿ ನನ್ನ ಹತ್ತಿರ ಎರಡೂ ಇರಲಿಲ್ಲ.

ಟೂತ್‌ಪೇಸ್ಟ್ ತಿಕ್ಕಿ ನೋಡಿದೆ. ಹದಿನೈದು ದಿನ ನಕ್ಕಿತು, ಮತ್ತೆ ಅದೇ.
"ಪೊರೆ ಬಂದಿದೆ" ಅಂದೆ, ದಿಬ್ಬೂರಹಳ್ಳಿ ರೋಡಿನ ಪಿಳ್ಳಪ್ಪನ ಅಂಗಡಿಯಲ್ಲಿ.
"ಪೊರೆಯಲ್ಲ, ಬಿಸಿಲು" ಅಂದ ಅವನು.
ರಾತ್ರಿ ಉರಿದು ಸವೆದದ್ದಲ್ಲವಂತೆ,
ಹಗಲು ಸುಮ್ಮನೆ ನಿಂತು ಸವೆದದ್ದು.
ನಾನೂರು, ಎಂಟುನೂರು, ಸಾವಿರದೈನೂರು, ಎರಡು ಸಾವಿರ,
ಉಪ್ಪುಕಾಗದ ನೋಟಿನ ಹಾಗೆ ಎಣಿಸಿ ಕೊಟ್ಟ.
"ನಂಬರು ಏರಿದಷ್ಟೂ ನುಣುಪು. ಮೊದಲನೇದಕ್ಕೆ ಹೆದರಬೇಡಿ."

ಹೆದರಿದೆ.
ಹಳದಿ ಹಾಲಾಗಿ ಇಳಿಯಿತು ನೀರಿನ ಜೊತೆ,
ಅಡಿಯಲ್ಲಿ ಕಂಡದ್ದು ಸುಣ್ಣದ ಗೋಡೆ.
ಇಷ್ಟು ದಿನ ಅರೆಗುರುಡು,
ಇವತ್ತು ನಾನೇ ಪೂರ್ತಿ ಕಿತ್ತೆನೇ?

ಒಲೆ ಆರಿಸಿ ಖೈರುಮ್ಮ ಬಂದಳು.
ಮೂವತ್ತೊಂದು ವರ್ಷ ಕುದಿನೀರಲ್ಲಿ ಎಳೆಯ ತುದಿ ಹುಡುಕಿದ ಕೈ
ನನ್ನ ಕೈಯ ಕಾಗದ ಕಸಿಯಿತು.
"ಗುಂಡಗೆ ತಿಕ್ಕಬೇಡಣ್ಣ, ಒಂದೇ ಕಡೆಗೆ."
ಒಂದು ಕಾಗದ ಅಡ್ಡಕ್ಕೆ, ಮುಂದಿನದು ಉದ್ದಕ್ಕೆ,
ಹಿಂದಿನದರ ಗೀರು ಹೋಗದೆ ಮುಂದಿನದನ್ನು ಮುಟ್ಟುವಂತಿಲ್ಲ.
ಹೋಯಿತೋ ಇಲ್ಲವೋ ಬೆರಳಿಂದ ನೋಡಲಿಲ್ಲ ಅವಳು,
ಬೆಂದು ಬೆಂದು ಆ ಬೆರಳು ಎಂದೋ ಸತ್ತಿವೆ.
ಕುಕ್ಕರಗಾಲಲ್ಲಿ ಕೂತು
ದೀಪಕ್ಕೆ ಕೆನ್ನೆ ಇಟ್ಟಳು,
ಮಗುವಿನ ಜ್ವರ ನೋಡುವ ಹಾಗೆ.
"ಇನ್ನೂ ಇದೆ" ಎಂದಳು.
ಇತ್ತು.

ಮೂರು ಗಂಟೆ. ಪಾಲಿಶ್ ಹಚ್ಚಿ, ಹರಿದ ಬನಿಯನ್ನಿನಲ್ಲಿ ಉಜ್ಜಿ,
ಲ್ಯಾಕರ್ ಹೊಡೆದು ಬಿಸಿಲಿಗೇ ಬಿಟ್ಟೆವು;
ಕೆಡಿಸಿದವನೇ ಒಣಗಿಸಲಿ.
ಎಡಗಡೇದರ ಮೂಲೆಯಲ್ಲಿ ಒಂಚೂರು ಮಬ್ಬು ಉಳಿಯಿತು.
"ಅದು ಒಳಗಡೇದು" ಅಂದಳು,
"ಹೊರಗಿಂದ ಎಷ್ಟು ತಿಕ್ಕಿದರೂ ಅಷ್ಟೇ."

ಸಂಜೆ ಕರೆಂಟಿರಲಿಲ್ಲ. ಗಾಡಿಯನ್ನು ಶೆಡ್ಡಿನ ಗೋಡೆಗೆ ತಿರುಗಿಸಿ ಹಾಕಿದೆ.
ಗೋಡೆ ಎದ್ದು ನಿಂತಿತು!
ಮಸಿ, ಮೊಳೆ, ಹಲ್ಲಿ, ಕ್ಯಾಲೆಂಡರು ಇದ್ದ ಕಡೆಯ ಬಿಳಿ ಚೌಕ,
ಸೀಮೆಸುಣ್ಣದಲ್ಲಿ ನಾನೇ ಬರೆದು ಮರೆತ ಲೆಕ್ಕ:
ಲಾಟು, ಕೇಜಿ, ರೇಟು. ಎಲ್ಲದರ ಕೆಳಗೆ
ಖೈ. ರಂಜಾನ್ ಬಾಕಿ ೨,೪೦೦.
ಯಾವ ವರ್ಷದ ರಂಜಾನೋ. ಅದರ ಮೇಲೆ ಗೀಟು ಹೊಡೆದಿರಲಿಲ್ಲ.

ಅವಳಿಗೆ ಕನ್ನಡ ಓದಲು ಬರುತ್ತದೆಯೇ, ಎಂದೂ ಕೇಳಿಲ್ಲ.
ಗೋಡೆ ನೋಡಿದಳು, ನನ್ನನ್ನು ನೋಡಿದಳು,
ಸೆರಗಿಗೆ ಕೈ ಒರೆಸಿಕೊಂಡಳು.
"ಡಿಪ್ ಹಾಕಣ್ಣ, ಕಣ್ಣಿಗೆ ಹೊಡೀತದೆ."

ಹಾಕಿದೆ.
ಬೆಳಕು ಗೋಡೆ ಇಳಿದು ಬಾಣಲಿಗಳ ಕಾಲಬುಡಕ್ಕೆ ಬಂತು.

ಈಗ ರಾತ್ರಿ ರಸ್ತೆ ದೂರದ ತನಕ ಕಾಣುತ್ತದೆ,
ಸೊಪ್ಪಿನ ಗಾಡಿ, ನಾಯಿ, ಮೈಲಿಗಲ್ಲಿನ ಅಕ್ಷರ.
ಬಲಗಡೆ ಲೆನ್ಸಿನಲ್ಲಿ, ಲ್ಯಾಕರ್ ಆರುವ ಮುಂಚೆ
ಹಾರಿ ಬಂದ ರೇಷ್ಮೆ ಎಳೆಯೊಂದು ಅಂಟಿಕೊಂಡುಬಿಟ್ಟಿದೆ.
ರಸ್ತೆಯ ಮೇಲೆ ನೆರಳು ಬೀಳುವಷ್ಟು ದಪ್ಪವಿಲ್ಲ ಅದು.
ಆದರೂ ಹುಡುಕುತ್ತೇನೆ.