ಹನ್ನೊಂದು ಸೆಕೆಂಡು

ಭದ್ರಾವತಿಯಲ್ಲಿ, ನಾಗಲಿಂಗನ ಸಲೂನಿನಲ್ಲಿ
ಭಾನುವಾರ ಬೆಳಿಗ್ಗೆ ಸತ್ತವರೂ ಬದುಕಿದವರೂ
ಒಂದೇ ರಿಂಗಿಗೆ ಇಳಿಯುತ್ತಾರೆ.
ಮುಖದ ತುಂಬ ನೊರೆ, ಮಾತಾಡಲಾಗದ ಗಿರಾಕಿಯೂ
ಬಿಳಿಬಟ್ಟೆಯೊಳಗಿಂದ ಕೈ ಎತ್ತಿ ಓಟು ಹಾಕುತ್ತಾನೆ:
ಹಾಲೇಶನೋ? ಚಿನ್ನತಂಬಿಯೋ?

ಹಾಲೇಶ ಈಗಿನವನು. ಹಳೇನಗರದ ಹುಡುಗ,
ನೂರ ನಾಲ್ಕು ಕೇಜಿ, ಮೂರು ವರ್ಷ ರಾಜ್ಯಕ್ಕೇ ಮೊದಲು.
ಮೊಟ್ಟೆಯ ಬಿಳಿ ತಾನು ತಿಂದು ಹಳದಿ ನಾಯಿಗೆ ಹಾಕುತ್ತಾನೆ;
ಅವನ ಮನೆಯ ನಾಯಿಯೂ ಹೆವಿವೇಯ್ಟ್.

ಚಿನ್ನತಂಬಿ ಆಗಿನವನು. ಕುಲುಮೆ ವಿಭಾಗ,
ಎಂಬತ್ತಮೂರು ಕೇಜಿ, ಅದೂ ರೇಷನ್ ಅಂಗಡಿಯ ತಕ್ಕಡಿಯಲ್ಲಿ,
ಒಂದು ಕಡೆ ಅವನು, ಇನ್ನೊಂದು ಕಡೆ ಗೋಧಿ ಮೂಟೆ.
ಆ ತಕ್ಕಡಿಯನ್ನು ನಂಬಿ ಊರು ಕೆಟ್ಟದ್ದು ಬೇರೆ ಕತೆ.

"ಹಾಲೇಶ ಹೊಡೆದಿದ್ದು ಯಾರಿಗೆ ಮಾರಾಯ?
ಪೊಲೀಸ್ ಟೀಮಿನ ಹೊಟ್ಟೆಗಳಿಗೆ!"
"ಚಿನ್ನತಂಬಿ ಇವತ್ತು ಬಂದರೆ ಇವನ ಎದೆಮಟ್ಟ ಬರ್ತಾನೆ."
"ತೂಕವೇ ಬಲ ಅಂದ್ರೆ ರುಬ್ಬೋ ಕಲ್ಲೇ ಚಾಂಪಿಯನ್!"
"ಪಾಳಿ ಮುಗಿಸಿ, ಬೆವರು ಆರೋ ಮೊದಲು
ಗ್ಲೌಸ್ ಹಾಕ್ತಿದ್ರು ಕಣೋ ಅವರು."
"ಬೆವರು ಅಳೆದೋರು ಯಾರು?"

ಕೊನೆಗೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ.
ಇಬ್ಬರನ್ನೂ ಕಂಡ ಕಣ್ಣು ಊರಲ್ಲಿ ಇದೊಂದೇ, ಅದಕ್ಕೂ ಪೊರೆ.
ಮೂವತ್ತೊಂದು ವರ್ಷ ರಿಂಗಿನ ಪಕ್ಕ ಕೂತು
ತೂಗುಹಾಕಿದ ಹಳಿಯ ತುಂಡಿಗೆ ಸುತ್ತಿಗೆ ಹೊಡೆದವನು.
ಮೂರು ನಿಮಿಷ. ಒಂದು ನಿಮಿಷ. ಮೂರು ನಿಮಿಷ.
ಯಾರು ದೊಡ್ಡವನೆಂದು ನನ್ನನ್ನು ಕೇಳಬೇಡಿ,
ಎಷ್ಟು ಹೊತ್ತು ಎಂಬುದಷ್ಟೇ ಗೊತ್ತು, ಎನ್ನುತ್ತೇನೆ.
ನಗುತ್ತಾರೆ. ಅಜ್ಜ ಜಾಣ, ಎನ್ನುತ್ತಾರೆ.

ಜಾಣನಲ್ಲ.
ಎಪ್ಪತ್ತೆಂಟರ ಫೈನಲ್. ಹುಬ್ಬಳ್ಳಿ ರೈಲ್ವೆಯ ಪರಮಾನಂದ,
ಉದ್ದ ಕೈ, ಸಿಡುಬಿನ ಕಲೆ, ಮದುವೆಯಾಗಿ ಒಂದು ವಾರ,
ಎರಡನೇ ಸುತ್ತಿನಲ್ಲಿ ಚಿನ್ನತಂಬಿಯನ್ನು ಹಗ್ಗಕ್ಕೆ ಒರಗಿಸಿ
ಒಗೆಯುವ ಕಲ್ಲಿಗೆ ಕಂಬಳಿ ಬಡಿದ ಹಾಗೆ ಬಡಿಯುತ್ತಿದ್ದ.
ರೆಫರಿ ಮುಂದೆ ಬರುತ್ತಿದ್ದ.
ಚಿನ್ನತಂಬಿಯ ಒಂದು ಕಣ್ಣು ಮುಚ್ಚಿಹೋಗಿತ್ತು,
ಇನ್ನೊಂದು ನನ್ನನ್ನು ನೋಡಿತು.
ಬೇಡಲಿಲ್ಲ. ಸುಮ್ಮನೆ, ಪಾಳಿ ಮುಗಿಯಿತಾ ಎಂದು
ಗೋಡೆಯ ಗಡಿಯಾರ ನೋಡುವ ಹಾಗೆ.

ಗಂಟೆ ಹೊಡೆದೆ.
ಅಂಗೈಯ ವಾಚಿನಲ್ಲಿ
ಇನ್ನೂ ಹನ್ನೊಂದು ಸೆಕೆಂಡು ಬಾಕಿ ಇತ್ತು.

ಮುಂದಿನದು ಸಲೂನಿಗೆ ಬಾಯಿಪಾಠ:
ಮೂರನೇ ಸುತ್ತು, ಬಲಗೈ, ಹುಬ್ಬಳ್ಳಿಯವ ಅಂಗಾತ ಬಿದ್ದದ್ದು,
ಚಿನ್ನತಂಬಿಯನ್ನು ಹೆಗಲ ಮೇಲೆ ಸೇತುವೆ ದಾಟಿಸಿದ್ದು,
ಆ ಪಂಚಿನ ಸದ್ದು ತರೀಕೆರೆಗೂ ಕೇಳಿದ್ದು.
ಹಿಂದಿನ ಹುಲಿಗಳ ಯಾವ ಪಟ್ಟಿಯಲ್ಲೂ
ಪರಮಾನಂದನ ಹೆಸರಿಲ್ಲ.

ಹೋದ ಮಂಗಳವಾರ ಹಾಲೇಶ ನನ್ನ ಕ್ವಾರ್ಟರ್ಸಿಗೆ ಬಂದ.
ಬಾಗಿಲಲ್ಲಿ ತಲೆ ತಗ್ಗಿಸಿ, ಕುರ್ಚಿ ತಡೆಯದೆಂದು
ನೆಲದ ಮೇಲೇ ಕೂತ.
"ನಾನು ಹೊಡೆದವರೆಲ್ಲ ಲೆಕ್ಕಕ್ಕಿಲ್ಲವಂತೆ. ನಿಜ ಹೇಳಿ ಅಜ್ಜ,
ಅವರ ಕಾಲದಲ್ಲಿ ನಾನಿದ್ದಿದ್ದರೆ?"
ಗೆಣ್ಣುಗಳಿಗೆ ಪಟ್ಟಿ. ಎಡಗಿವಿ ಊದಿತ್ತು,
ಲೆಕ್ಕಕ್ಕಿಲ್ಲದ ಯಾರೋ ಹೊಡೆದದ್ದು.

ಹನ್ನೊಂದು ಸೆಕೆಂಡು ನಾಲಿಗೆಯ ತುದಿಗೆ ಬಂತು,
ಬಾಯಲ್ಲಿ ಕಬ್ಬಿಣದ ರುಚಿ ಬಿಟ್ಟು ಒಳಗಿಳಿಯಿತು.
"ಎದ್ದು ಕೈ ಆಡಿಸು, ನೋಡೋಣ" ಎಂದೆ.
ಅಂಗಳದಲ್ಲಿ ಗಾಳಿಗೆ ಗುದ್ದಿದ.
ಕಣ್ಣು ಮಂಜು; ಕಿವಿಗೊಟ್ಟೆ, ಕಾಲು ಎಣಿಸಿದೆ.
"ಬಲಗೈ ಒಳ್ಳೇದು. ಎಡಗಾಲು ಸೋಮಾರಿ.
ಹೊಡೆದ ಮೇಲೆ ಒಂದು ಗಳಿಗೆ ನಿಂತು ನೋಡ್ತೀಯ."
"ಚಿನ್ನತಂಬಿ?"
"ಅವನೂ ನಿಂತು ನೋಡ್ತಿದ್ದ."
ಹುಡುಗನ ಮುಖ ಅರಳಿತು, ಮೆಚ್ಚುಗೆ ಎಂದುಕೊಂಡ.

ಅವನು ಹೋದ ಮೇಲೆ ಟ್ರಂಕಿನಿಂದ ವಾಚು ತೆಗೆದು
ಕೀಲಿ ಕೊಟ್ಟೆ. ಹಿಂದೆಲ್ಲ ಸೈರನ್ನಿಗೆ ಸರಿಮಾಡುತ್ತಿದ್ದೆ,
ಈಗ ಕಾರ್ಖಾನೆ ಕೂಗುವುದಿಲ್ಲ.
ಮುಳ್ಳು ನಡೆಯಿತು. ಒಂದು ನಿಮಿಷ. ಎರಡು.
ಹನ್ನೊಂದು ಉಳಿದಾಗ ಬಲಗೈ ತಾನಾಗಿ ಎದ್ದಿತು.
ಎಡಗೈಯಿಂದ ಅದನ್ನು
ಬಿಗಿಯಾಗಿ ಹಿಡಿದುಕೊಂಡು ಕೂತೆ.