ಮೂವತ್ತಾರು ಕಡ್ಡಿ

ಬೆಟಗೇರಿಯೊಳಗ ದಸ್ತಗೀರನ ಅಂಗಡಿ ಮುಂದ
ನನ್ನ ಸ್ಪ್ಲೆಂಡರ್ ಗಾಲಿ ಬಿಚ್ಚಿಸಿಕೊಂಡು
ಇಟ್ಟಂಗಿ ಮ್ಯಾಲೆ ಕುಂತು ಮೂರು ದಿನ ಆತು.
ಹನ್ನೊಂದು ವರ್ಷ ಲ್ಯಾಬಿಗೂ ಹಳ್ಳಿ ದವಾಖಾನಿಗೂ
ಕಫದ ಡಬ್ಬಿ ಹೊತಗೊಂಡು ತಿರಗಿದ್ದ ಗಾಡಿ.

"ಕಚ್ಛಕ್ಕ?" ಅಂದಿದ್ದ ಮೊದಲ ದಿನ. "ಇದರ ಮ್ಯಾಲೆ?"
ಆಮ್ಯಾಲೆ ಏನೂ ಕೇಳಲಿಲ್ಲ,
ಹತ್ತು ನಂಬರಿನ ಪಾನಾ ಹುಡುಕಾಕ ಹತ್ತಿದ.

ಹರಿಯೂದನ್ನ ಹರದ ಮ್ಯಾಲೆ ಹುಡುಕಬಾರದು ಅಕ್ಕಾರ, ಅಂತಾನ.
ಹೊಸ ಕ್ಲಚ್ ಕೇಬಲ್ ಹಾಕಿದ,
ಅದರ ಮಗ್ಗಲಿಗೆ ಇನ್ನೊಂದನ್ನ
ಹ್ಯಾಂಡಲಿನಿಂದ ಇಂಜಿನ್‌ತನಕ ಟೇಪ್ ಸುತ್ತಿ ಮಲಗಿಸಿದ.
ಕೆಲಸ ಇಲ್ಲದ್ದು ಅದು.
ಎಣ್ಣಿ ಕುಡದು ಸುಮ್ಮನ ಜೋಡಿಗೆ ಬರತೈತಿ.

ಬಾಜು ಅಂಗಡಿ ಹಾರ್ಮೋನಿಯಂ ರಿಪೇರಿದು.
ಹಿಂದಿನ ಗಾಲಿ ಕಡ್ಡಿ ಒಂದೊಂದಕ್ಕ
ದಸ್ತಗೀರ ಸ್ಕ್ರೂಡ್ರೈವರ್ ಬಡಕೋತ ಹೊಂಟಾಗ
ಅಲ್ಲಿಂದನ ಫಕೀರಪ್ಪಜ್ಜ ಒದರಿದ:
"ಆರನೇದು ಇಳದೈತಿ!"
ಎದ್ದು ಬಂದ, ಕಣ್ಣು ಮುಚ್ಚಿ ಮೂವತ್ತಾರೂ ಕೇಳಿದ,
ಮೂರಕ್ಕ ತಲಿ ಅಳ್ಳಾಡಿಸಿದ.
ಎಡಕ್ಕೊಂದು ಸ್ವರ, ಬಲಕ್ಕೊಂದು ಸ್ವರ, ಇದ್ಯಾವ ನಮೂನಿ ಅಂದ.
"ಚೈನ್ ಎಳೆಯೋ ಕಡೆ ಬಿಗಿ ಇರಬೇಕಜ್ಜಾ,
ಇಲ್ಲಂದ್ರ ಗಾಲಿ ಸೊಟ್ಟ ನಡೀತೈತಿ."
"ಮತ್ತ ಮೊದಲ ಹೇಳಬೇಕಿಲ್ಲೋ."
ಇಬ್ಬರೂ ಅರ್ಧ ತಾಸು ಜಗಳಾಡಿದರು.
ಚಹಾದ ರೊಕ್ಕ ನಾ ಕೊಟ್ಟೆ.

ನನ್ನ ಯಾದಿ ಎರಡು ಹಾಳಿ ಇತ್ತು.
ಒಂದೊಂದ ಸಾಮಾನು ಕೈಯಾಗ ಹಿಡದು ತೂಗಿದ ದಸ್ತಗೀರ.
ಇಸ್ತ್ರಿ ಪೆಟ್ಟಿಗಿ ಕಂಡು ಬರೇ ನಕ್ಕ.
ಮೂರನೇ ಸ್ವೆಟರ್, ಗಾಜಿನ ಬರಣಿ, ದಿಂಬು, ಎಲ್ಲಾ ಹೋದವು.
ಖಡಕ್ ರೊಟ್ಟಿ ಧಾರವಾಡ ದಾಟೂದರಾಗ ಹಿಟ್ಟಾಗತಾವ ಅಂದ.
ಹಿಟ್ಟ ತಿಂತೇನಿ ಅಂದೆ.
ರೊಟ್ಟಿ ಉಳದವು.

ಕಡೀ ದಿನ ಸಂಜಿಮುಂದ
ಕರೆಂಟ್ ಹೋಗೂದನ್ನ ಕಾಯ್ದು
ಈಗಷ್ಟ ಕುಂತಿದ್ದ ಗಾಲಿಗೆ ಬೇಕಂತ ಮೊಳಿ ಚುಚ್ಚಿದ.
"ಹಾಕ್ರಿ ಪಂಕ್ಚರ್. ಅಲ್ಲಿ ಕಂದೀಲು ಹಿಡಿಯವ್ರು ಇರೂದಿಲ್ಲ."
ಟಯರಿನ ಅಂಚು ಬೆರಳ ಕಚ್ಚತು.
ತೂತು ಎಲ್ಲಿ ಐತೋ ಕಾಣವಲ್ದು.
"ಗಲ್ಲಕ್ಕ ಹಿಡದು ನೋಡ್ರಿ, ಕಣ್ಣಿಗಿಂತ ಗಲ್ಲ ಚುರುಕು."
ಹಗಲೆಲ್ಲಾ ಗಾಜಿನ ಚೂರಿನ ಮ್ಯಾಲೆ
ಕಾಣದ್ದನ್ನ ಹುಡುಕೂದ ನನ್ನ ನೌಕರಿ.
ಹಂತಾದ್ದು, ಕತ್ತಲಾಗ, ಗಲ್ಲದ ಮ್ಯಾಲೆ
ಎಳೀ ಕೂಸಿನಂಥ ಉಸುರು
ಬಂತು, ಬಂತು, ಇಲ್ಲೇ.
ಮೊದಲ ಸಲ ಮುಕ್ಕಾಲು ತಾಸು.
ಎರಡನೇ ಸಲ ಟ್ಯೂಬ್ ನಾನ ಹರದೆ.
ಮೂರನೇದಕ್ಕ ಅಜ್ಜ "ಶಾಭಾಸ್" ಅಂದ, ಅಂಗಡಿ ಬಾಗಲಾ ಹಾಕಿಕೋತ.

ಮೀಟರ್ ಎಂಬತ್ತಮೂರು ಸಾವಿರಕ್ಕ ನಿಂತು ಎರಡು ವರ್ಷ.
ಅದೊಂದು ಉಳೀತಲ್ಲ ಅಂದೆ.
"ಟಾಕಿ ಅಳ್ಳಾಡಿಸಿ ಕೇಳ್ರಿ,
ಎಣ್ಣಿ ಎಷ್ಟೈತಿ ಅದ ಹೇಳತೈತಿ.
ಎಷ್ಟು ದೂರ ಬಂದ್ರಿ ಅಂತ ಲೆಕ್ಕ ಯಾರಿಗೆ ಕೊಡವ್ರು?"
ಆಮ್ಯಾಲೆ ಸೀಮಿಎಣ್ಣ್ಯಾಗ ಕೈ ತೊಳಕೋತ,
ಯಾರೂ ಕೇಳಿರಲಿಲ್ಲ,
"ನಾ ಕೊಲ್ಲಾಪುರ ದಾಟಿಲ್ಲ. ಅದೂ ಬಸ್ಸಿನಾಗ."

ನಸುಕಿನ ನಾಕೂವರಿ.
ಬಿಂಕದಕಟ್ಟಿ ದಾಟಿದ್ದ, ಹಿಂದ ಎಲ್ಲೋ ಕಿಣಿ ಕಿಣಿ.
ಎದಿ ಧಸಕ್ಕಂತು. ಆರನೇದು?
ನಿಲ್ಲಿಸಿ, ಬ್ಯಾಟರಿ ಬಾಯಾಗ ಕಚ್ಚಿ ಹಿಡದು
ಕಡ್ಡಿ ಒಂದೊಂದ ಬಡದೆ.
ಎಡಕ್ಕ ಎಡದ ಸ್ವರ, ಬಲಕ್ಕ ಬಲದ್ದು,
ಮೂವತ್ತಾರೂ ಸುದ್ದ.
ಚೀಲ ಬಿಚ್ಚಿದರ, ರೊಟ್ಟಿ ಗಂಟಿನಾಗ
ಚಮಚೆ. ಎರಡು.
ಯಾದ್ಯಾಗ ಒಂದ ಇತ್ತು.
ಕೈ ಹಾಕೇತಿ ಎರಡು, ರೂಢಿಗೆ.

ಒಂದನ್ನ ಕಿಲೋಮೀಟರ್ ಕಲ್ಲಿನ ಮ್ಯಾಲೆ ಇಟ್ಟೆ.
ಹೆಲ್ಮೆಟ್ ಹಾಕಿಕೊಂಡೆ.
ತಗದೆ.
ಎರಡನ್ನೂ ಜೋಡಿಸಿ ಟೇಪ್ ಸುತ್ತಿ ಒಳಗ ಮಲಗಿಸಿದೆ.

ಹುಲಕೋಟಿ ದೀಪ ಕಾಣಾಕ ಹತ್ತಿದ್ದವು.
ಟಾಕಿ ಅಳ್ಳಾಡಿಸಿ ಕಿವಿ ಕೊಟ್ಟೆ.
ತುಂಬಿತ್ತು.
ಸಪ್ಪಳ ಮಾಡಲಿಲ್ಲ.